ಎಣಿಕೆಗೆ ಸಿಗದ ಕಾಯಕ

ಶರಣರು ಕಾಯಕಕ್ಕೆ ಬೆಲೆ ಕಟ್ಟಿದ್ದು ಅದರ ಶುದ್ಧತೆಯನ್ನು ಕಂಡೇ ಹೊರತು, ಅದಕ್ಕೆ ದೊರೆತ ಹೊಗಳಿಕೆಯನ್ನು ಕಂಡಲ್ಲ. ಇಂದಿನ ವೈದ್ಯವಿಜ್ಞಾನದಲ್ಲಾದರೋ ಸಂಶೋಧಕನ ಯೋಗ್ಯತೆಯನ್ನು ಅಳೆಯಲು ಬೇರೊಂದು ಲೆಕ್ಕವಿದೆ. ಅವನು ಎಷ್ಟು ಪ್ರಬಂಧಗಳನ್ನು ಪ್ರಕಟಿಸಿದ್ದಾನೆ, ಅವುಗಳನ್ನು ಇತರ ವಿದ್ವಾಂಸರು ತಮ್ಮ ಬರಹಗಳಲ್ಲಿ ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬುದೇ ಆ ಲೆಕ್ಕ. ಈ ತಕ್ಕಡಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಕಲ್ಕತ್ತೆಯ ವೈದ್ಯರೊಬ್ಬರ ಬದುಕಿನಿಂದ ಅರಿಯಬಹುದು.

ಡಾ. ಶಂಭುನಾಥ ಡೇ ಅವರು 1915ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯಲ್ಲಿ ಜನಿಸಿದರು. ಅವರು ಕೈಗೆತ್ತಿಕೊಂಡದ್ದು ಊರಿಗೆ ಊರನ್ನೇ ಬರಿದು ಮಾಡುತ್ತಿದ್ದ ಕಾಲರಾ ರೋಗವನ್ನು. 1884ರಲ್ಲಿಯೇ ಜರ್ಮನಿಯ ರಾಬರ್ಟ್ ಕಾಕ್ ಅವರು ಇದರ ರೋಗಾಣುವನ್ನು ಗುರುತಿಸಿ, ಅದು ವಿಷವನ್ನು ಸ್ರವಿಸುತ್ತಿರಬೇಕೆಂದು ಊಹಿಸಿದ್ದರು. ಆ ಊಹೆ ಮುಕ್ಕಾಲು ಶತಮಾನ ಊಹೆಯಾಗಿಯೇ ಉಳಿಯಿತು. ಡೇ ಅವರು ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ದಾರದಿಂದ ಕಟ್ಟಿ, ಅದರೊಳಗೆ ರೋಗಾಣುಗಳನ್ನು ಸೇರಿಸಿದರು. ಆ ಭಾಗದಲ್ಲಿ ನೀರು ತುಂಬಿ ಉಬ್ಬಿತು. 1953ರಲ್ಲಿ ಪ್ರಕಟವಾದ ಈ ವಿಧಾನವನ್ನೇ ಮುಂದುವರಿಸಿ, ರೋಗಾಣುಗಳನ್ನು ಸಂಪೂರ್ಣವಾಗಿ ಸೋಸಿ ತೆಗೆದ ದ್ರವವನ್ನಷ್ಟೇ ಸೇರಿಸಿದಾಗಲೂ ಕರುಳು ಹಾಗೆಯೇ ಉಬ್ಬಿತು. ವಿಷದ ಇರವು ಸಿದ್ಧವಾಯಿತು. 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಪುಟ್ಟ ಲೇಖನ ಪ್ರಕಟವಾಯಿತು.

ಮೊದಲ ಕೆಲವು ವರ್ಷ ಅದನ್ನು ಉಲ್ಲೇಖಿಸಿದವರು ವಿರಳ. ಅನಂತರ ಕಾಲರಾ ಸಂಶೋಧನೆಯೆಲ್ಲ ಆ ಅಡಿಪಾಯದ ಮೇಲೆಯೇ ಬೆಳೆಯಿತು. ಆದರೆ ಸ್ವದೇಶದ ಯಾವ ದೊಡ್ಡ ಪ್ರಶಸ್ತಿಯೂ, ಯಾವ ವಿಜ್ಞಾನ ಅಕಾಡೆಮಿಯ ಸದಸ್ಯತ್ವವೂ ಅವರ ಪಾಲಿಗೆ ಬರಲಿಲ್ಲ. 1973ರಲ್ಲಿ ನಿವೃತ್ತರಾದರು. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಅವರ ಹೆಸರನ್ನು ಆ ಪುರಸ್ಕಾರಕ್ಕೆ ಸೂಚಿಸಿದ್ದುಂಟು. ಉಲ್ಲೇಖಗಳ ಸೂಚಿಯನ್ನು ರೂಪಿಸಿದ ಯೂಜೀನ್ ಗಾರ್ಫೀಲ್ಡ್ ಅವರೇ 1986ರಲ್ಲಿ ಡೇ ಅವರ ಸಾಧನೆಯ ಪ್ರಭಾವವನ್ನು ಕುರಿತು ವಿಸ್ತಾರವಾಗಿ ಬರೆದರು. ಅಷ್ಟರಲ್ಲಿ ಡೇ ಲಿಂಗೈಕ್ಯರಾದಂತೆಯೇ ಸದ್ದಿಲ್ಲದೆ ಕಣ್ಮುಚ್ಚಿ ಒಂದು ವರ್ಷವಾಗಿತ್ತು.

ಇದನ್ನು ಓದಿ ನನ್ನ ಸಹವೈದ್ಯರಲ್ಲಿ ಕೆಲವರು, “ಎಣಿಕೆ ಪೊಳ್ಳು; ನಮ್ಮ ಔಷಧಕ್ಕೆ ಪ್ರಬಂಧದ ಹಂಗೇಕೆ?” ಎಂದಾರು. ಅದು ತಪ್ಪು ಪಾಠ. ಡೇ ಅವರು ತಮ್ಮ ವಿಧಾನವನ್ನು ಮುಚ್ಚಿಡದೆ, ಯಾರು ಬೇಕಾದರೂ ಪರೀಕ್ಷಿಸುವಂತೆ ಬರೆದಿಟ್ಟರು. ಬೇರೆಯವರು ಮಾಡಿ ನೋಡಿದಾಗಲೂ ಅದೇ ಫಲ ದೊರೆಯಿತು. ಸತ್ಯಕ್ಕೆ ಸಾಕ್ಷಿ ಇದು. ನಮ್ಮ ಸಂಹಿತೆಗಳು ವಿಷೂಚಿಕೆಯನ್ನು ವರ್ಣಿಸಿವೆ. ಆದರೆ ಅದಕ್ಕೆ ಕಾರಣ ಅಜೀರ್ಣವೆಂದವು. ಕಾಲರಾ ರೋಗಾಣುವಿನ ವಿಷವನ್ನು ತೋರಿಸಿದ್ದು ಈ ಪ್ರಯೋಗ. ಇದನ್ನು ಒಪ್ಪುವುದರಿಂದ ಆಯುರ್ವೇದಕ್ಕೆ ಕುಂದಿಲ್ಲ. ಆದ್ದರಿಂದ ಭಕ್ತರು “ಸಂಶೋಧನೆಯಿಂದ ಸಿದ್ಧವಾಗಿದೆ” ಎಂಬ ಜಾಹೀರಾತನ್ನು ಕಂಡಾಗ, ಅದು ನಮ್ಮ ಪದ್ಧತಿಯದೇ ಆಗಿರಲಿ, ಎಷ್ಟು ಪ್ರಬಂಧಗಳೆಂದು ಕೇಳುವ ಬದಲು, ಬೇರೆಯವರು ಪರೀಕ್ಷಿಸಿ ಒಪ್ಪಿದ್ದಾರೆಯೇ ಎಂದು ಕೇಳಬೇಕು.

ಕಾಲರಾದಲ್ಲಿ ಪ್ರಾಣ ಹೋಗುವುದು ದೇಹದ ನೀರು ಮತ್ತು ಲವಣ ಸೋರಿಹೋಗುವುದರಿಂದ. ಸಕ್ಕರೆಯ ಜೊತೆಗೆ ಕೊಟ್ಟರೆ ಕರುಳು ಉಪ್ಪನ್ನೂ ನೀರನ್ನೂ ಹೀರಬಲ್ಲದೆಂಬುದನ್ನು ಇತರ ಸಂಶೋಧಕರು ಕಂಡುಕೊಂಡರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅವರು ಈ ದ್ರಾವಣವನ್ನು ಕುಡಿಸಿಯೇ ಅಸಂಖ್ಯ ಜೀವಗಳನ್ನು ಉಳಿಸಿದರು.

ಮಳೆಗಾಲದಲ್ಲಿ, ಜಾತ್ರೆಯ ದಿನಗಳಲ್ಲಿ ವಾಂತಿಭೇದಿ ಕಾಣಿಸಿದರೆ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಸೂಚಿಸಿದಂತೆ ಕಲಸಿ ಕುಡಿಸಿರಿ. ಅದು ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸೇರಿಸಿ, ಗುಟುಕು ಗುಟುಕಾಗಿ ಕೊಡಿರಿ. ಉಪ್ಪು ಹೆಚ್ಚಾಗಬಾರದು. ಮೂತ್ರ ಕಡಿಮೆಯಾದರೆ, ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ಒಂದೊಂದು ಮಗುವೂ ಆ ಕಾಯಕಯೋಗಿಗಳಿಗೆ ಸಂದ ಉಲ್ಲೇಖವೇ ಸರಿ.