ಮನೆಯೇ ಕಚೇರಿಯಾದರೆ ತೊಟ್ಟಿಲು ತೂಗುವವರು ಯಾರು?

‘ಮನೆಯಿಂದಲೇ ಕೆಲಸ’ ಎಂಬುದು ಎಲ್ಲರ ಬಾಯಲ್ಲೂ ಕೇಳಿಬಂದದ್ದು 2020ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಲಾಕ್‌ಡೌನ್ ಜಾರಿಯಾದಾಗ ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಲ್ಯಾಪ್‌ಟಾಪ್ ಸಮೇತ ಊರು ಸೇರಿದವರಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರೂ ಇದ್ದರು. ಪಡಸಾಲೆಯೇ ಕಚೇರಿಯಾಯಿತು. ಶಾಲೆ ಮುಚ್ಚಿದ್ದರಿಂದ ಅದೇ ಪಡಸಾಲೆ ಮಕ್ಕಳ ತರಗತಿಯೂ ಆಯಿತು.

ಹಾಗೆಂದು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಈ ನಾಲ್ಕು ತಾಲ್ಲೂಕುಗಳಿಗೆ ಮನೆಯೊಳಗಿನ ದುಡಿಮೆ ಹೊಸದೇನಲ್ಲ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ನೇಕಾರ ಕುಟುಂಬಗಳಲ್ಲಿ ರೇಷ್ಮೆ ಸೀರೆಯ ಮಗ್ಗಕ್ಕೆ ಮನೆಯೇ ನೆಲೆ. ಶಿರಾ ಸೀಮೆಯ ಕಂಬಳಿಯೂ ಮನೆಯಲ್ಲೇ ನೂತು ನೇಯ್ದದ್ದು. ಬೀಡಿ ಕಟ್ಟುವುದು, ಊದುಬತ್ತಿ ಹೊಸೆಯುವುದು, ಸುಗ್ಗಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುವುದು ಇವೆಲ್ಲ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡೇ ಹೆಂಗಸರು ಮಾಡುತ್ತ ಬಂದ ಕೆಲಸಗಳು.

ವ್ಯತ್ಯಾಸ ಎಲ್ಲಿದೆ?

ಸಾಫ್ಟ್‌ವೇರ್ ಉದ್ಯೋಗಿಗೆ ತಿಂಗಳ ಸಂಬಳವಿದೆ, ರಜೆಯಿದೆ. ಬೀಡಿ ಕಟ್ಟುವವರಿಗೆ ಸಾವಿರದ ಲೆಕ್ಕ, ಹುಣಸೆ ಬಿಡಿಸುವವರಿಗೆ ತೂಕದ ಲೆಕ್ಕ. ಮಗುವಿಗೆ ಜ್ವರ ಬಂದ ದಿನ ಎಣಿಕೆ ಕಡಿಮೆಯಾದರೆ ಕೂಲಿಯೂ ಕಡಿಮೆ. ಕೆಲಸದ ವೇಳೆಯನ್ನು ತಾವೇ ನಿರ್ಧರಿಸಿಕೊಳ್ಳಬಹುದು ಎಂಬ ಮಾತು ಇಬ್ಬರಿಗೂ ಅನ್ವಯಿಸುವಂತೆ ಕಂಡರೂ, ಅದರ ಬೆಲೆಯನ್ನು ತೆರುವ ರೀತಿ ಬೇರೆ.

ಕಾನೂನಿನ ದೃಷ್ಟಿಯೂ ಒಂದೇ ತೆರನಾಗಿರಲಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ನೌಕರರೆಂದು ಪರಿಗಣಿಸಿತು. ಹುಣಸೆ ಬಿಡಿಸುವವರಿಗೆ ಅಂಥ ಪ್ರತ್ಯೇಕ ಕಾಯ್ದೆಯ ಆಸರೆ ದೊರೆಯಲಿಲ್ಲ. 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ‘ಗೃಹಾಧಾರಿತ ಕಾರ್ಮಿಕ’ ಎಂಬ ವ್ಯಾಖ್ಯೆ ಬಂತು. ಗೃಹಾಧಾರಿತ ದುಡಿಮೆಯ ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ಅಂಗೀಕರಿಸಿದ 177ನೇ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ.

ತಾಯಂದಿರಿಗೆ ಇರುವ ಹಕ್ಕು

2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ ನೀಡಿತು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಲು ಅವಕಾಶವಿರಬೇಕು ಎಂದೂ ವಿಧಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಅಂಶಗಳು ಉಳಿದಿವೆ.

ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡುವ ಪ್ರಸ್ತಾಪವೂ ಅದೇ ಕಾನೂನಿನಲ್ಲಿದೆ. ಆದರೆ ಅದು ಹಕ್ಕಲ್ಲ; ಕೆಲಸದ ಸ್ವರೂಪ ಒಪ್ಪುವಂತಿದ್ದರೆ, ಮಾಲೀಕರು ಮತ್ತು ಉದ್ಯೋಗಿ ಪರಸ್ಪರ ಒಪ್ಪಿಕೊಂಡ ಅವಧಿಗೆ ಮಾತ್ರ ಸಿಗುವ ಅನುಕೂಲ. ಇನ್ನೊಂದು ತೊಡಕೂ ಇದೆ. ಶಿಶುಪಾಲನಾ ಕೇಂದ್ರ ಬೆಂಗಳೂರಿನ ಕಚೇರಿಯಲ್ಲಿದ್ದು ತಾಯಿ ಮಧುಗಿರಿಯಲ್ಲಿ ಕುಳಿತು ಕೆಲಸ ಮಾಡುತ್ತಿದ್ದರೆ ಆ ಕೇಂದ್ರದಿಂದ ಅವಳಿಗೆ ಆಗುವ ಉಪಯೋಗವೇನು?

ಹಾಗಾಗಿ ಹೊಣೆ ಅಜ್ಜಿಯ ಮಡಿಲಿಗೆ ಬೀಳುತ್ತದೆ. ಅಜ್ಜಿಯಿಲ್ಲದ ಮನೆಯಲ್ಲಿ ತಾಯಿಯೇ ಎರಡೂ ಪಾಳಿಗಳನ್ನು ಮಾಡಬೇಕು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆವಾರ್ತೆಯಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಪುರುಷರು ಕೊಡುವುದು 88 ನಿಮಿಷ. ಅಂಗನವಾಡಿ ಸಂಜೆ ಮುಚ್ಚುತ್ತದೆ. ಅಮೆರಿಕದ ಗ್ರಾಹಕರ ಕರೆಗಳು ಆರಂಭವಾಗುವುದೇ ಆಗ. ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ಯೋಜನೆ ರೂಪುಗೊಂಡದ್ದು ಉದ್ಯೋಗ ಖಾತರಿ ಕೂಲಿಕಾರರ ಮಕ್ಕಳನ್ನು ಗಮನದಲ್ಲಿಟ್ಟುಕೊಂಡು. ಮನೆಯಲ್ಲೇ ದುಡಿಯುವವರ ಮಕ್ಕಳು ಆ ಲೆಕ್ಕದಲ್ಲಿ ಇರಲಿಲ್ಲ.

ಹಂಚಿಕೆಯ ಕಚೇರಿ ಇಲ್ಲಿಗೂ ಬಂದೀತೇ?

ಒಂದೇ ಕಟ್ಟಡದ ಮೇಜು, ವಿದ್ಯುತ್, ಇಂಟರ್ನೆಟ್, ಸಭಾಕೊಠಡಿಗಳನ್ನು ಬೇರೆ ಬೇರೆ ಸಂಸ್ಥೆಯವರು ಬಾಡಿಗೆಗೆ ಹಂಚಿಕೊಳ್ಳುವುದೇ ಹಂಚಿಕೆಯ ಕಚೇರಿ. ಈ ಕ್ಷೇತ್ರದ ದೈತ್ಯ ಸಂಸ್ಥೆ ವಿವರ್ಕ್ 2017ರಲ್ಲಿ ಭಾರತದ ತನ್ನ ಮೊದಲ ಕೇಂದ್ರವನ್ನು ತೆರೆದದ್ದು ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ. ಕುರ್ಚಿಗಳು ತುಂಬಿದರಷ್ಟೇ ಈ ವ್ಯವಹಾರ ಗಿಟ್ಟುತ್ತದೆ. ತಾಲ್ಲೂಕು ಕೇಂದ್ರದಲ್ಲಿ ಅಷ್ಟು ಜನ ಸೇರುವುದು ಕಷ್ಟ. ‘ಬೆಂಗಳೂರಿನಾಚೆಗೆ’ ಉದ್ಯಮ ಒಯ್ಯುವ ಸರ್ಕಾರದ ಪ್ರಯತ್ನದಲ್ಲೂ ಆರಂಭದಲ್ಲಿ ಒತ್ತು ದೊರೆತದ್ದು ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ನಗರಗಳಿಗೆ.

ಆದರೆ ಖಾಸಗಿ ಬಂಡವಾಳಕ್ಕೇ ಕಾಯಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ‘ಅರಿವು ಕೇಂದ್ರ’ಗಳಾಗಿ ರೂಪಿಸಿ ಕಂಪ್ಯೂಟರ್, ಇಂಟರ್ನೆಟ್ ಒದಗಿಸುವ ಕೆಲಸವನ್ನು ರಾಜ್ಯ ಸರ್ಕಾರ ಈಗಾಗಲೇ ಕೈಗೊಂಡಿದೆ. ಅಂಥ ಒಂದು ಕೇಂದ್ರದ ಪಕ್ಕದ ಕೊಠಡಿಯಲ್ಲಿ ನಾಲ್ಕು ಮೇಜು, ಇನ್ನೊಂದರಲ್ಲಿ ಸಂಜೆ ಏಳರವರೆಗೆ ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಆಯಾ ಇದ್ದರೆ ಸಾಕು. ಅದರ ಪ್ರಯೋಜನ ಲ್ಯಾಪ್‌ಟಾಪ್ ಹಿಡಿದವಳಿಗೂ ಹುಣಸೆ ಬಿಡಿಸುವವಳಿಗೂ ಒಂದೇ ರೀತಿ ತಲುಪುತ್ತದೆ.

ಒಪ್ಪುವ ಮುನ್ನ

ಮನೆಯಿಂದ ಕೆಲಸ ಒಪ್ಪಿಕೊಳ್ಳುವವರು ಕೆಲವು ವಿಷಯಗಳನ್ನು ಬರಹದಲ್ಲಿ ಪಡೆಯುವುದು ಒಳಿತು. ಕರೆಗೆ ಸಿಗಬೇಕಾದ ವೇಳೆ ಯಾವುದು? ಇಂಟರ್ನೆಟ್ ಮತ್ತು ವಿದ್ಯುತ್ ವೆಚ್ಚ ಯಾರದು? ಎಷ್ಟು ದಿನಕ್ಕೊಮ್ಮೆ ಕಚೇರಿಗೆ ಬರಬೇಕು? ವ್ಯವಸ್ಥೆ ಹಿಂಪಡೆಯುವ ಮುನ್ನ ಎಷ್ಟು ದಿನಗಳ ಸೂಚನೆ ಕೊಡುತ್ತಾರೆ? ಮಕ್ಕಳ ಶಾಲೆಯನ್ನು ಊರಿಗೆ ಬದಲಿಸಿದ ಮೇಲೆ ‘ನಾಳೆಯಿಂದ ಬೆಂಗಳೂರಿಗೆ ಬನ್ನಿ’ ಎಂಬ ಇ-ಮೇಲ್ ಬಂದರೆ ಕುಟುಂಬ ಅತಂತ್ರವಾಗುತ್ತದೆ.

ಮನೆಯಿಂದ ಕೆಲಸ ಎಂದರೆ ಮಾಲೀಕರಿಗೆ ಕಟ್ಟಡದ ಬಾಡಿಗೆ ಉಳಿತಾಯ. ಆ ಉಳಿತಾಯದ ಒಂದು ಪಾಲು ತೊಟ್ಟಿಲಿನ ಬಳಿಗೂ ಬರಬೇಕೆಂದು ಕೇಳುವುದು ಅತಿಯಾಸೆಯಲ್ಲ.