ದಡಾರದ ಜಾಡು

ಕಾಪುವಿನ ಮಾರಿಗುಡಿಗಳಲ್ಲಿ ಸುಗ್ಗಿ ಮಾರಿಪೂಜೆಯಂದು ನೆರೆಯುವ ಜನಸಾಗರವನ್ನು ಕಂಡವರಿಗೆ, ಮೈಮೇಲೆ ಏಳುವ ಬೇನೆಗಳಿಗೆ ಕರಾವಳಿಯ ಜನ ಎಷ್ಟೊಂದು ಅಂಜಿ ಬಾಳಿದ್ದರೆಂಬುದು ಹೊಳೆಯದಿರದು. ಸಿಡುಬು ಅಳಿಯಿತೆಂದು 1980ರಲ್ಲಿ ಜಗತ್ತಿಗೆ ಸಾರಲಾಯಿತು. ದಡಾರವಾದರೋ ಇನ್ನೂ ತೊಲಗಿಲ್ಲ. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿಯೂ ಅದರ ವೈರಸ್ ಎರಡು ಗಂಟೆಗಳವರೆಗೆ ಉಳಿಯಬಲ್ಲದು. ಕೆಂಪು ದದ್ದು ಕಾಣಿಸುವ ನಾಲ್ಕು ದಿನ ಮೊದಲೇ ಸೋಂಕು ಹರಡತೊಡಗುತ್ತದೆ.

ಉಡುಪಿ, ಕಾಪು, ಕಾರ್ಕಳಗಳಲ್ಲಿ ಒಂದೇ ತಿಂಗಳೊಳಗೆ ಒಂದೊಂದು ಮಗುವಿಗೆ ದಡಾರ ಬಂದಿತೆಂದು ಭಾವಿಸೋಣ. ಅದು ಊರಿಂದೂರಿಗೆ ಹಬ್ಬಿತೇ? ಅಥವಾ ರಜೆಗೆಂದು ಮುಂಬಯಿಯಿಂದಲೋ ಕೊಲ್ಲಿ ನಾಡುಗಳಿಂದಲೋ ಬಂದ ನೆಂಟರೊಡನೆ ಬೇರೆ ಬೇರೆಯಾಗಿ ಬಂದಿತೇ? ಈ ಪ್ರಶ್ನೆಗೆ ಸಾಕ್ಷಿ ನುಡಿಯಬಲ್ಲದ್ದು ವೈರಸ್ಸೇ.

ಅದರ ಆನುವಂಶಿಕ ಲಿಪಿ ಸುಮಾರು 15,900 ಅಕ್ಷರಗಳಷ್ಟು ಉದ್ದ. ಪ್ರತಿಯಿಂದ ಪ್ರತಿ ಹುಟ್ಟುವಾಗ ಅಪರೂಪಕ್ಕೆ ಒಂದು ಅಕ್ಷರ ತಪ್ಪುತ್ತದೆ. ಓಲೆಗರಿಗಳಲ್ಲಿನ ಲಿಪಿಕಾರರ ತಪ್ಪುಗಳನ್ನು ಹೋಲಿಸಿ, ಯಾವ ಪ್ರತಿ ಯಾವುದರಿಂದ ಇಳಿದುಬಂದಿತೆಂದು ವಿದ್ವಾಂಸರು ನಿರ್ಣಯಿಸುವುದಿಲ್ಲವೇ? ಇಲ್ಲಿಯೂ ಅದೇ ಕ್ರಮ. 450 ಅಕ್ಷರಗಳ ಒಂದು ಭಾಗವನ್ನು ಓದಿ ವೈರಸ್ಸಿನ ಪ್ರಭೇದವನ್ನು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದ್ದು 24 ಪ್ರಭೇದಗಳನ್ನು. ಆದರೆ 2021ರಿಂದೀಚೆಗೆ ಕಂಡುಬರುತ್ತಿರುವುವು ಬಿ3, ಡಿ8 ಎರಡೇ. ಹೀಗಿರುವಾಗ ಆ ಚಿಕ್ಕ ಭಾಗ ಒಂದೇ ಆದಮಾತ್ರಕ್ಕೆ ಸೋಂಕಿನ ಮೂಲವೂ ಒಂದೇ ಎನ್ನಲಾಗದು; ಇನ್ನೂ ದೀರ್ಘವಾಗಿ ಓದಬೇಕು, ರೋಗಿಯ ಓಡಾಟವನ್ನೂ ವಿಚಾರಿಸಬೇಕು.

ತಾಯಂದಿರ ಮತ್ತೊಂದು ಶಂಕೆಯನ್ನೂ ಈ ಓದು ಪರಿಹರಿಸಬಲ್ಲದು. ಲಸಿಕೆ ಹಾಕಿಸಿದ ಕೆಲ ದಿನಗಳಲ್ಲಿ ಮಗುವಿಗೆ ದದ್ದು ಎದ್ದರೆ ಅದು ಲಸಿಕೆಯದೋ, ನಿಜವಾದ ದಡಾರವೋ? ಲಸಿಕೆಯ ವೈರಸ್ 'ಎ' ಪ್ರಭೇದದ್ದು. ಬಿ3 ಅಥವಾ ಡಿ8 ಕಂಡರೆ ಲಸಿಕೆ ನಿರ್ದೋಷಿ.

ಇಂತಹ ಶೋಧನೆ ಈ ಸೀಮೆಗೆ ಅಪರಿಚಿತವಲ್ಲ. 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡಿನ ನಿಪಾ ಸೋಂಕನ್ನು ಮೊದಲು ಗುರುತಿಸಿದ್ದು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ. ಆದರೆ ಪ್ರಯೋಗಾಲಯ ಓದಬೇಕಾದರೆ ಮೊದಲು ಓಲೆ ಕೈಸೇರಬೇಕು. ದದ್ದು ಎದ್ದ ಐದು ದಿನಗಳೊಳಗೆ ಗಂಟಲಿನ ದ್ರವ ತೆಗೆದರೆ ಉತ್ತಮ. "ತಾನೇ ಇಳಿಯುತ್ತದೆ" ಎಂದು ಮಗುವನ್ನು ಮನೆಯಲ್ಲಿಯೇ ಇರಿಸಿಕೊಂಡರೆ ಜಾಡು ಅಲ್ಲಿಗೇ ಅಳಿಯುತ್ತದೆ.

ಜಾಡು ಹಿಡಿಯುವುದು ವಿಜ್ಞಾನಿಯ ಕೆಲಸ. ಅದನ್ನು ಕಡಿಯುವುದು ಮನೆಯವರ ಕೆಲಸ. ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಮತ್ತೊಮ್ಮೆ ಲಸಿಕೆ ದೊರೆಯಬೇಕು. ನೂರರಲ್ಲಿ ತೊಂಬತ್ತೈದು ಮಕ್ಕಳಿಗೆ ಈ ಎರಡೂ ಸಂದರೆ ದಡಾರಕ್ಕೆ ಮುಂದಿನ ಮನೆಯ ಬಾಗಿಲು ಮುಚ್ಚಿದಂತೆಯೇ.