ಸ್ಟೂಲಿನ ಮೇಲಿನ ಪೆನ್ಸಿಲ್ ಗೆರೆ

ಅಮೆರಿಕದ ಆರಿಗಾನ್‌ನಲ್ಲಿ ಗೆಳೆಯನೊಬ್ಬ ತಾನೇ ಕಟ್ಟಿಕೊಂಡ ಎರಡು ಸೀಟಿನ ವಿಮಾನಕ್ಕೆ ಮರದ ಹೊಸ ಪ್ರೊಪೆಲ್ಲರ್ ತರಿಸಿದ್ದ. ಅಳತೆ 68–72. ತುದಿಯಿಂದ ತುದಿಗೆ 68 ಇಂಚು. ಮರಕ್ಕಿಳಿಯುವ ಸ್ಕ್ರೂವಿನಂತೆ ಜಾರದೆ ತಿರುಗಿದರೆ ಒಂದು ಸುತ್ತಿಗೆ 72 ಇಂಚು ಮುಂದೆ. ಗಾಳಿಯಲ್ಲಿ ಜಾರುತ್ತದೆ, ಅದು ಬೇರೆ ಮಾತು.

ಮೊದಲು ಮ್ಯಾಗ್ನೆಟೊ ಸ್ವಿಚ್ ಆಫ್ ಮಾಡಿ, ಮೇಲಿನ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿಟ್ಟೆವು. ಕೈಯಲ್ಲಿ ತಿರುಗಿಸುವಾಗ ಎಂಜಿನ್ ಒಮ್ಮೆ ಕೆಮ್ಮಿದರೂ ಕೈ ಹೋದಂತೆ. ಆರು ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿದೆವು. ಬ್ಲೇಡಿನ ತುದಿಗೆ ಸ್ಟೂಲಿಟ್ಟು ಪೆನ್ಸಿಲ್ ಗೆರೆ ಎಳೆದೆ. ಅರ್ಧ ಸುತ್ತು ತಿರುಗಿಸಿದರೆ ಇನ್ನೊಂದು ತುದಿ ಮೂರು ಮಿಲಿಮೀಟರ್ ಆಚೆ! ನಮಗಿದ್ದ ಮಿತಿ ಒಂದೂವರೆ. ಬಿಚ್ಚಿದೆವು. ಹಬ್ಬಿನ ಹಿಂದೆ ಒಣಗಿದ ವಾರ್ನಿಷಿನ ಒಂದು ಹನಿ, ಸಾಸಿವೆಯಷ್ಟು. ಒರೆಸುವ ಕೆಲಸ ನನ್ನದೇ ಆಗಿತ್ತು.

ಹನಿ ತೆಗೆದು ಮತ್ತೆ ಬಿಗಿದ ಮೇಲೆ, ಚಕ್ರಕ್ಕೆ ಅಡ್ಡ ಕೊಟ್ಟು, ಬಾಲ ಕಟ್ಟಿ ಥ್ರಾಟಲ್ ಪೂರ್ತಿ ತೆರೆದಾಗ ನಿಮಿಷಕ್ಕೆ 2,250 ಸುತ್ತು. ಕಡಿಮೆಯಾಯಿತೆಂದು ಪೆಚ್ಚಾದೆ. ಗೆಳೆಯ ನಕ್ಕ: ವೇಗ ಬಂದಂತೆ ಬ್ಲೇಡಿನ ಮೇಲಿನ ಹೊರೆ ಇಳಿದು ಸುತ್ತು ಏರುತ್ತದೆ, ಈ ಎಂಜಿನ್ನಿನ ಮಿತಿಯಾದ 2,700 ನಿಂತಲ್ಲೇ ಬಂದಿದ್ದರೆ ಆಕಾಶದಲ್ಲಿ ಗಂಡಾಂತರ. ಸಮತಟ್ಟಾಗಿ ಹಾರಿಸಿದಾಗ 2,680 ಬಂತು.

ಇಳಿದವನೇ ಟೀಗೂ ನಿಲ್ಲದೆ ಟಾರ್ಕ್ ವ್ರೆಂಚ್ ಹಿಡಿದ. ಮರ ಅದುಮಿಕೊಳ್ಳುತ್ತದೆ, ಒಣಗಿ ಕುಗ್ಗುತ್ತದೆ. ಎರಡು ಬೋಲ್ಟು ಆಗಲೇ ತುಸು ಸಡಿಲಗೊಂಡಿದ್ದವು.